ಗಿಡದ ಬುಡದಲ್ಲಿ ಕಾಯಿಲೆ ಹೆಸರು ಬರೆಯೋರಿಗೆ ದುರ್ಗದಿಂದ ಒಂದು ಬಹಿರಂಗ ಪತ್ರ

ಆಯುಷ್ ಇಲಾಖೆ, ಅರಣ್ಯ ಇಲಾಖೆ ಮತ್ತು ಜಿಲ್ಲಾಡಳಿತದ ಮಾನ್ಯ ಅಧಿಕಾರಿಗಳಿಗೆ ನಮಸ್ಕಾರ.

ನಾನು ಚಿತ್ರದುರ್ಗದಲ್ಲಿ ಮೆಡಿಕಲ್ ಶಾಪ್ ನಡೆಸೋ ಒಬ್ಬ ಫಾರ್ಮಸಿಸ್ಟ್. ಯಾವ ಪಾರ್ಕು, ಯಾವ ಆಫೀಸು ಅಂತ ಇಲ್ಲಿ ಹೆಸರು ಹಾಕಲ್ಲ, ಹಾಕೋ ಅಗತ್ಯನೂ ಇಲ್ಲ, ಯಾಕಂದ್ರೆ ನಾನು ಹೇಳ್ತಿರೋ ಥರದ ಬೋರ್ಡು ಎಷ್ಟೋ ಊರಲ್ಲಿ ನೋಡೋಕೆ ಸಿಗುತ್ತೆ. ಔಷಧಿ ವನ, ಧನ್ವಂತರಿ ವನ, ಮೂಲಿಕಾ ವನ ಅಂತ ಏನೋ ಒಂದು ಹೆಸರು, ಒಳಗೆ ಸಾಲಾಗಿ ಗಿಡ, ಪ್ರತಿ ಗಿಡದ ಬುಡದಲ್ಲಿ ಹಸಿರು ಬಣ್ಣ ಬಳಿದ ಒಂದು ತಗಡು. ತಗಡಿನ ಮೇಲೆ ಬಿಳಿ ಪೇಂಟಲ್ಲಿ ಮೊದಲು ಕನ್ನಡ ಹೆಸರು, ಕೆಳಗೆ ಸಂಸ್ಕೃತದ್ದು, ಆಮೇಲೆ ಸಸ್ಯಶಾಸ್ತ್ರದ ಹೆಸರು (ಅದರಲ್ಲಿ ಒಂದೆರಡು ಅಕ್ಷರ ತಪ್ಪೇ ಇರುತ್ತೆ ಬಿಡಿ), ಕೊನೆಗೆ ಉಪಯೋಗ ಅಂತ ಬರೆದು ಕಾಯಿಲೆಗಳ ಸಾಲು. ಸಕ್ಕರೆ ಕಾಯಿಲೆ, ಮೂಲವ್ಯಾಧಿ, ಚರ್ಮರೋಗ, ಕೆಮ್ಮು, ಕ್ಯಾನ್ಸರ್. ಎಲ್ಲದಕ್ಕೂ ಒಂದೇ ಸೈಜಿನ ಅಕ್ಷರ. ಕೆಮ್ಮಿಗೂ ಕ್ಯಾನ್ಸರಿಗೂ ನಡುವೆ ಇರೋದು ಒಂದು ಕಾಮಾ ಅಷ್ಟೇ.

ಎಲೆನಾ ಬೇರಾ ತೊಗಟೆನಾ, ಎಷ್ಟು, ಎಷ್ಟು ದಿನ, ಬಸುರಿಯರು ತಗೋಬೋದಾ, ಯಾರಿಗಾದ್ರೂ ಕೊಟ್ಟು ನೋಡಿ ಗುಣ ಆಗಿದ್ದನ್ನ ಲೆಕ್ಕ ಇಟ್ಟಿದಾರಾ, ಇದ್ಯಾವುದೂ ಅಲ್ಲಿರಲ್ಲ. ವಾಕಿಂಗ್ ಬಂದೋರು ಅದರ ಫೋಟೋ ಹೊಡ್ಕೊಂಡು ವಾಟ್ಸಾಪಲ್ಲಿ ಬಿಡ್ತಾರೆ, ಅದು ಬೀಗರ ಗ್ರೂಪು, ಸಂಘದ ಗ್ರೂಪು ಅಂತ ಊರೂರು ಸುತ್ತುತ್ತೆ. ಭರಮಸಾಗರ ಕಡೆಯಿಂದ ನಮ್ಮ ಅಂಗಡಿಗೆ ತಿಂಗಳು ತಿಂಗಳು ಬರೋ ಒಬ್ರು ಅಜ್ಜ ಇದಾರೆ, ಒಂದಿನ ಬಂದು, ಈ ಸಲ ಶುಗರ್ ಗುಳಿಗೆ ಬ್ಯಾಡಪ್ಪಾ, ಬಿಪಿದು ಅಷ್ಟೇ ಕೊಡು ಅಂದ್ರು. ಯಾಕಜ್ಜಾ, ಡಾಕ್ಟ್ರು ನಿಲ್ಸಿ ಅಂದ್ರಾ ಅಂದೆ. ಇಲ್ಲ, ಮೊಮ್ಮಗ ಫೋನಲ್ಲಿ ತೋರಿಸ್ದ, ಗಿಡದ ಹತ್ರ ಸರ್ಕಾರದೋರೇ ಬೋರ್ಡ್ ಹಾಕಿದಾರಂತೆ, ಸರ್ಕಾರದೋರು ಸುಳ್ಳು ಬರೀತಾರಾ ಅಂದ್ರು. ಇದಕ್ಕೆ ನಾನೇನು ಉತ್ತರ ಕೊಡ್ಲಿ ಹೇಳಿ. ಸುಳ್ಳು ಅನ್ನೋ ಹಾಗಿಲ್ಲ, ನಿಜ ಅನ್ನೋ ಹಾಗೂ ಇಲ್ಲ. ಗುಳಿಗೆ ಬಿಡ್ಬೇಡಿ ಅಂತ ಕೈ ಮುಗಿದು ಹೇಳಿ, ಹದಿನೈದು ದಿನದ್ದಾದ್ರೂ ತಗೊಂಡೋಗಿ ಅಂತ ಕಟ್ಟಿ ಕೊಟ್ಟೆ.

ಒಂದು ತಮಾಷೆ ನೋಡಿ. ಅದೇ ಬೋರ್ಡನ್ನ ನಾನು ನನ್ನ ಅಂಗಡಿ ಮುಂದೆ ನೇತು ಹಾಕಿದ್ರೆ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ನನ್ನ ಮೇಲೆ ಬರುತ್ತೆ. ಆ ಕಾಯ್ದೆಯ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ ಇದೆ, ಕ್ಯಾನ್ಸರ್ ಇದೆ, ಪಾರ್ಶ್ವವಾಯು ಇದೆ, ಕಿಡ್ನಿ ಕಲ್ಲಿದೆ, ಇವನ್ನ ವಾಸಿ ಮಾಡುತ್ತೆ ಅಂತ ಯಾವ ಔಷಧಿಗೂ ಜಾಹೀರಾತು ಕೊಡೋ ಹಾಗಿಲ್ಲ. ಆದ್ರೆ ಅದೇ ಕಾಯ್ದೆಯ 14ನೇ ಸೆಕ್ಷನ್ನಲ್ಲಿ ಸರ್ಕಾರವೇ ಪ್ರಕಟಿಸೋ ಜಾಹೀರಾತಿಗೆ ವಿನಾಯಿತಿ ಇದೆ. ಅಂದ್ರೆ ಕಾನೂನು ನಿಮ್ಮನ್ನ ನಂಬಿ ಬಿಟ್ಟಿದೆ. ಹಂಗಾಗಿ ನನಗಿಂತ ನೀವೇ ಹೆಚ್ಚು ಜೋಪಾನವಾಗಿ ಬರೀಬೇಕಲ್ವಾ.

ಇದನ್ನ ಓದಿ, ಓಹೋ ಇಂಗ್ಲಿಷ್ ಮದ್ದು ಮಾರೋನು, ಗಿಡಮೂಲಿಕೆ ಕಂಡ್ರೆ ಹೊಟ್ಟೆ ಉರಿ ಅನ್ನೋರು ಇರ್ತಾರೆ, ಇರ್ಲಿ. ಅವರು ಒಂದ್ಸಲ ನಮ್ಮ ಅಂಗಡಿ ಕೌಂಟರ್ ಹಿಂದೆ ಬಂದು ನಿಂತ್ಕೊಂಡು ಕೆಮ್ಮಿನ ಸಿರಪ್ ಇಟ್ಟಿರೋ ರ‍್ಯಾಕ್ ನೋಡ್ಲಿ. ಅಂಬ್ರೋಕ್ಸಾಲ್, ಬ್ರೋಮ್‌ಹೆಕ್ಸಿನ್ ಅಂತ ಎಷ್ಟು ಬಾಟ್ಲಿ ಮೇಲೆ ಬರೆದಿರುತ್ತೋ ಅದೆಲ್ಲದರ ಮೂಲ ಆಡುಸೋಗೆ. ನಮ್ಮ ಹೊಲದ ಬದುವಲ್ಲಿ, ಬೇಲಿಯಲ್ಲಿ ಬೆಳೆಯುತ್ತಲ್ಲ, ಮೇಕೆನೂ ಮೂಸಿ ನೋಡಿ ಬಿಟ್ಟು ಹೋಗುತ್ತಲ್ಲ, ಅದೇ ಆಡುಸೋಗೆ. ಅದರ ಎಲೆಯಲ್ಲಿ ವ್ಯಾಸಿಸಿನ್ ಅನ್ನೋ ಆಲ್ಕಲಾಯ್ಡ್ ಇದೆ, ಅದನ್ನ ಮಾದರಿಯಾಗಿ ಇಟ್ಕೊಂಡು ಲ್ಯಾಬಲ್ಲಿ ಮಾಡಿದ್ದು ಬ್ರೋಮ್‌ಹೆಕ್ಸಿನ್, ಅದು ದೇಹದೊಳಗೆ ಹೋಗಿ ಬದಲಾದಾಗ ಆಗೋದು ಅಂಬ್ರೋಕ್ಸಾಲ್. ಕಫ ಕರಗಿಸೋಕೆ ಆಡುಸೋಗೆ ಅಂತ ಹಳಬರು ಹೇಳಿದ್ದು ಹುಸಿಯಾಗ್ಲಿಲ್ಲ. ಯಾರೋ ಕೂತು, ಎಲೆಯಲ್ಲಿ ಯಾವ ಪದಾರ್ಥ ಇದೆ, ಎಷ್ಟು ಕೊಟ್ರೆ ಏನಾಗುತ್ತೆ ಅಂತ ಬಿಡಿಸಿ ನೋಡಿದ್ರಿಂದ ಅದು ಇವತ್ತು ಅಳತೆ ಮುಚ್ಚಳ ಹಾಕಿದ ಬಾಟ್ಲಿಯಲ್ಲಿದೆ.

ಕಾಶಿ ಕಣಗಿಲೆ ಕತೆ ಇದಕ್ಕಿಂತ ರುಚಿ, ನಿತ್ಯಪುಷ್ಪ ಅಂತೀವಲ್ಲ ಅದು, ಪ್ರತಿ ಮನೆ ಅಂಗಳದಲ್ಲೂ ಇರುತ್ತೆ. ದೂರದ ಜಮೈಕಾದಲ್ಲಿ ಜನ ಅದರ ಎಲೆ ಕಷಾಯವನ್ನ ಸಕ್ಕರೆ ಕಾಯಿಲೆಗೆ ಕುಡೀತಿದ್ರು. 1950ರ ದಶಕದಲ್ಲಿ ಕೆನಡಾದಲ್ಲಿ ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಅನ್ನೋ ಇಬ್ರು ಅದೇ ಎಲೆ ತರಿಸಿ ಇಲಿಗಳಿಗೆ ಕೊಟ್ಟು ನೋಡಿದ್ರು. ಸಕ್ಕರೆ ಇಳೀಲಿಲ್ಲ. ಸಾರ ತೆಗೆದು ಇಂಜೆಕ್ಷನ್ ಕೊಟ್ಟಾಗ ಇಲಿಗಳು ಸೋಂಕು ಬಂದು ಸತ್ವು, ಯಾಕೆ ಅಂತ ನೋಡಿದ್ರೆ ಬಿಳಿ ರಕ್ತಕಣ ನೆಲ ಕಚ್ಚಿದ್ವು. ಬೇರೆ ಯಾರಾದ್ರೂ ಆಗಿದ್ರೆ ಫೇಲ್ ಅಂತ ಬರೆದು ಫೈಲ್ ಮುಚ್ಚಿರೋರು. ಇವರು, ಬಿಳಿ ಕಣ ಇಳಿಸೋ ವಸ್ತು ಅಂದ್ರೆ ರಕ್ತದ ಕ್ಯಾನ್ಸರಿಗೆ ಯಾಕಾಗ್ಬಾರ್ದು ಅಂತ ಅದರ ಹಿಂದೆ ಬಿದ್ರು. ವಿನ್‌ಬ್ಲಾಸ್ಟಿನ್ ಸಿಕ್ತು, ಆಮೇಲೆ ಬೇರೆಯವರಿಂದ ವಿನ್‌ಕ್ರಿಸ್ಟಿನ್ ಸಿಕ್ತು, 1963ರಿಂದ ಮಕ್ಕಳ ಲ್ಯುಕೇಮಿಯಾಕ್ಕೆ ಕೊಡ್ತಿದಾರೆ, ಎಷ್ಟೋ ಮಕ್ಕಳು ಅದರಿಂದ ಬದುಕಿದಾವೆ.

ಈಗ ನಿಮ್ಮ ಬೋರ್ಡ್ ನೋಡಿ. ನಿತ್ಯಪುಷ್ಪದ ಕೆಳಗೆ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಅಂತ ಬರೆದಿದೆ. ಒಂದು ಗ್ರಾಂ ವಿನ್‌ಕ್ರಿಸ್ಟಿನ್ ತೆಗೆಯೋಕೆ ನೂರಾರು ಕೆಜಿ ಒಣಗಿದ ಎಲೆ ಬೇಕು, ರೋಗಿಗೆ ಕೊಡೋದು ಒಂದೆರಡು ಮಿಲಿಗ್ರಾಂ, ಅದೂ ರಕ್ತನಾಳಕ್ಕೆ ಮಾತ್ರ, ಅದೇ ಔಷಧಿ ತಪ್ಪಿ ಬೆನ್ನುಹುರಿಗೆ ಹೋದ್ರೆ ಪ್ರಾಣನೇ ಹೋಗುತ್ತೆ. ಅಂಗಳದ ಎಲೆ ಕಿತ್ತು ಬೆಳಗ್ಗೆ ಖಾಲಿ ಹೊಟ್ಟೆಗೆ ಅಗಿದ್ರೆ ಕ್ಯಾನ್ಸರಿಗೆ ಏನೂ ಆಗಲ್ಲ, ಹೊಟ್ಟೆ ಕೆಡಬೋದು, ಅದರ ಮಧ್ಯೆ ಆಸ್ಪತ್ರೆಗೆ ಹೋಗೋ ಟೈಮ್ ಜಾರಿ ಹೋಗುತ್ತೆ. ಬೋರ್ಡಲ್ಲಿರೋ ಕ್ಯಾನ್ಸರ್ ಅನ್ನೋ ಪದ ನಿಜಾನೇ, ಆದ್ರೆ ಓದೋನಿಗೆ ಅರ್ಥ ಆಗೋದು ಪೂರ್ತಿ ಬೇರೆ.

ಇನ್ನು ನೆಲನೆಲ್ಲಿ. ನಮ್ಮ ಕಡೆ ಕಾಮಾಲೆ ಅಂದ್ರೆ ಆಸ್ಪತ್ರೆ ಮೊದಲಲ್ಲ, ಯಾವ ಊರಲ್ಲಿ ಯಾರು ಬುಧವಾರ ಭಾನುವಾರ ಮದ್ದು ಕೊಡ್ತಾರೆ ಅನ್ನೋ ವಿಚಾರಣೆ ಮೊದಲು. ಎಲೆ ಅರೆದು ಮಜ್ಜಿಗೆಗೆ ಹಾಕಿ ಕುಡಿಸಿ, ಎಣ್ಣೆ ಖಾರ ಬಿಡು ಅಂತ ಪಥ್ಯ ಹೇಳಿ ಕಳಿಸ್ತಾರೆ, ಬಹಳ ಜನಕ್ಕೆ ವಾಸಿನೂ ಆಗುತ್ತೆ. ಯಾಕಾಗುತ್ತೆ ಅಂದ್ರೆ ನೀರಿಂದ ಬರೋ ಹೆಪಟೈಟಿಸ್ ಎ, ಹೆಪಟೈಟಿಸ್ ಇ ಇವು ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾವಾಗೇ ಬಿಟ್ಟು ಹೋಗ್ತವೆ, ಮದ್ದು ಕುಡಿದ್ರೂ ಅಷ್ಟೇ ಕುಡೀದಿದ್ರೂ ಅಷ್ಟೇ. ಇಲ್ಲಿ ಮದ್ದು ಕೆಲಸ ಮಾಡ್ತೋ ಕಾಲ ಕೆಲಸ ಮಾಡ್ತೋ ಅಂತ ತಿಳಿಯೋಕೆ ಒಂದೇ ದಾರಿ, ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ನೋಡೋಕೆ ಅದೇ ಥರ ಇರೋ ಖಾಲಿ ಗುಳಿಗೆ ಕೊಟ್ಟು, ಯಾರಿಗೆ ಯಾವುದು ಅಂತ ಕೊಡೋನಿಗೂ ತಗೊಳ್ಳೋನಿಗೂ ಗೊತ್ತಿಲ್ಲದ ಹಾಗೆ ಮಾಡಿ, ಕೊನೆಗೆ ಲೆಕ್ಕ ಬಿಚ್ಚೋದು. ಇಂಥ ಪರೀಕ್ಷೆಗೆ ಟ್ರಯಲ್ ಅಂತಾರೆ.

ಹಾಗೆ ಮಾಡಿದೋರು ಇದಾರೆ, ಅದೂ ನಮ್ಮ ಪಕ್ಕದ ಮದ್ರಾಸಲ್ಲಿ. 1988ರಲ್ಲಿ ತ್ಯಾಗರಾಜನ್ ಮತ್ತು ಜೊತೆಯವರು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ರು, ಹೆಪಟೈಟಿಸ್ ಬಿ ವೈರಸ್ಸು ಮೈಯಲ್ಲಿ ಉಳ್ಕೊಂಡಿದ್ದ ಜನಕ್ಕೆ 30 ದಿನ ನೆಲನೆಲ್ಲಿ ಪುಡಿ ಕೊಟ್ರೆ 37 ಜನದಲ್ಲಿ 22 ಜನಕ್ಕೆ ರಕ್ತ ಪರೀಕ್ಷೆ ನೆಗೆಟಿವ್ ಬಂತು, ಖಾಲಿ ಗುಳಿಗೆ ತಗೊಂಡ 23 ಜನದಲ್ಲಿ ಒಬ್ಬರಿಗೆ ಮಾತ್ರ. ಶೇಕಡಾ 59 ಎಲ್ಲಿ, 4 ಎಲ್ಲಿ! ಜಗತ್ತೇ ತಿರುಗಿ ನೋಡ್ತು. ಆದ್ರೆ ವಿಜ್ಞಾನದಲ್ಲಿ ಒಬ್ರು ಹೇಳಿದ್ರೆ ಆಗಲ್ಲ, ಇನ್ನೊಬ್ರು ಮಾಡಿದಾಗ್ಲೂ ಅದೇ ಬರ್ಬೇಕು. 1990ರಲ್ಲಿ ಥಾಯ್ಲೆಂಡಿನವರು ಮಾಡಿದ್ರು, ಬರ್ಲಿಲ್ಲ, ಅದೇ ಲ್ಯಾನ್ಸೆಟ್ ಆ ಸೋಲನ್ನೂ ಪ್ರಕಟಿಸ್ತು. ಮುಂದೆ 2011ರಲ್ಲಿ ಕಾಕ್ರೇನ್ ಸಂಸ್ಥೆಯವರು ಎಲ್ಲಾ ಟ್ರಯಲ್ ಗುಡ್ಡೆ ಹಾಕಿ ನೋಡಿ, ಖಾಲಿ ಗುಳಿಗೆಗಿಂತ ಮೇಲು ಅನ್ನೋಕೆ ನಂಬೋ ಅಂಥ ಪುರಾವೆ ಇಲ್ಲ ಅಂದ್ರು. ಈ ಮೂರನ್ನೂ ಸೇರಿಸಿ ಎರಡು ಸಾಲಲ್ಲಿ ಬೋರ್ಡ್ ಮೇಲೆ ಬರೆದ್ರೆ ಗಿಡಕ್ಕೇನು ಅವಮಾನ ಆಗಲ್ಲ. ಈಗ ಇರೋದು ಕಾಮಾಲೆ ಅನ್ನೋ ಒಂದೇ ಪದ. ಆ ಒಂದು ಪದ ನೋಡಿ ಇಲಿಜ್ವರದ ಕಾಮಾಲೆ ಇರೋನೂ, ಪಿತ್ತನಾಳದಲ್ಲಿ ಕಲ್ಲು ಸಿಕ್ಕೊಂಡಿರೋನೂ, ಹೆಪಟೈಟಿಸ್ ಇ ಬಂದಿರೋ ತುಂಬು ಬಸುರಿನೂ ಒಂದೇ ಮಜ್ಜಿಗೆ ಕುಡೀತಾರೆ, ಅವರಿಗೆಲ್ಲ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತೆ.

ಸಕ್ಕರೆ ಕಾಯಿಲೆ ವಿಷಯಕ್ಕೆ ಬರೋಣ, ಬೋರ್ಡುಗಳಲ್ಲಿ ಇದೇ ಹೆಚ್ಚು. ಮಧುನಾಶಿನಿ ಎಲೆ ಯಾರಾದ್ರೂ ಅಗಿದಿದೀರಾ? ಎರಡು ಎಲೆ ಚೆನ್ನಾಗಿ ಅಗಿದು ನಾಲಿಗೆ ತುಂಬ ಆಡಿಸಿ ಉಗುಳಿ, ಮೊದಲು ಸ್ವಲ್ಪ ಕಹಿ, ಆಮೇಲೆ ಬಾಯಿಗೆ ಒಂದು ಚಮಚ ಸಕ್ಕರೆ ಹಾಕ್ಕೊಳ್ಳಿ. ಸಿಹಿನೇ ಇರಲ್ಲ, ಮರಳು ತಿಂದಂಗಾಗುತ್ತೆ, ಹಲ್ಲಲ್ಲಿ ಕರಕರ ಅನ್ನೋದು ಬಿಟ್ರೆ ಏನೂ ಗೊತ್ತಾಗಲ್ಲ. ಉಪ್ಪು ಹಾಕ್ಕೊಂಡ್ರೆ ಉಪ್ಪು ಉಪ್ಪೇ. ಎಲೆಯಲ್ಲಿರೋ ಜಿಮ್ನೆಮಿಕ್ ಆಸಿಡ್ ನಾಲಿಗೆ ಮೇಲೆ ಸಿಹಿ ಗುರುತಿಸೋ ಜಾಗಕ್ಕೆ ಹೋಗಿ ಅಂಟ್ಕೊಳ್ಳೋದ್ರಿಂದ ಹೀಗಾಗುತ್ತೆ, ಸ್ವಲ್ಪ ಹೊತ್ತಾದ್ಮೇಲೆ ಸರಿ ಹೋಗುತ್ತೆ. ಇದು ಪಕ್ಕಾ ವಿಜ್ಞಾನ, ಬೇಕಾದ್ರೆ ನಿಮ್ಮ ಆಫೀಸಲ್ಲೇ ಮಾಡಿ ನೋಡಬೋದು. ಆದ್ರೆ ಸಂತೆಯಲ್ಲಿ ಪುಡಿ ಮಾರೋನು ಇದೇ ಆಟ ತೋರಿಸಿ, ನೋಡಿ ಬಾಯಲ್ಲೇ ಸಕ್ಕರೆ ಸತ್ತೋಯ್ತು, ರಕ್ತದಲ್ಲಿ ಉಳಿಯುತ್ತಾ ಅಂತಾನೆ. ನಾಲಿಗೆಗೆ ಸಿಹಿ ಗೊತ್ತಾಗದೆ ಇರೋದು ಬೇರೆ, ರಕ್ತದಲ್ಲಿ ಗ್ಲೂಕೋಸ್ ಇಳಿಯೋದು ಬೇರೆ. ಎರಡನೇದನ್ನ ಹೇಳೋಕೆ ಮನುಷ್ಯರ ಮೇಲಿನ ದೊಡ್ಡ ಟ್ರಯಲ್ ಬೇಕು, ಇರೋವೆಲ್ಲ ಸಣ್ಣವು. ಹಾಗಲಕಾಯಿದೂ ಅದೇ ಕತೆ, 2012ರಲ್ಲಿ ಕಾಕ್ರೇನ್‌ನವರು ನಾಲ್ಕು ಟ್ರಯಲ್, 479 ಜನರ ಲೆಕ್ಕ ನೋಡಿ, ಟೈಪ್ 2 ಸಕ್ಕರೆ ಕಾಯಿಲೆಗೆ ಶಿಫಾರಸು ಮಾಡೋಷ್ಟು ಪುರಾವೆ ಸಾಲದು ಅಂದ್ರು. ಪಲ್ಯಕ್ಕೇನೂ ತೊಂದರೆ ಇಲ್ಲ, ತಿನ್ನಿ.

ಆ ಅಜ್ಜ ಬಿಟ್ಟು ಹೋಗ್ತೀನಿ ಅಂದಿದ್ದ ಗುಳಿಗೆ ಮೆಟ್‌ಫಾರ್ಮಿನ್, ಅದೂ ಗಿಡದ ವಂಶದ್ದೇ! ಯುರೋಪಲ್ಲಿ ಗಲೇಗಾ ಅಂತ ಒಂದು ಗಿಡ, ಅದನ್ನ ಹಳ್ಳಿಯವರು ಮದ್ದಿಗೆ ಬಳಸ್ತಿದ್ರು, ಅದರಲ್ಲಿದ್ದ ಪದಾರ್ಥ ನೇರವಾಗಿ ಕೊಟ್ರೆ ವಿಷ, ಅದರ ರಚನೆ ನೋಡಿ ಅದೇ ಜಾತಿಯ ರಾಸಾಯನಿಕಗಳನ್ನ ಮಾಡ್ತಾ ಮಾಡ್ತಾ 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ಮೆಟ್‌ಫಾರ್ಮಿನ್ನನ್ನ ಸಕ್ಕರೆ ಕಾಯಿಲೆಯವರಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದ್ರು. ಪರೀಕ್ಷೆ ಪಾಸಾದ ಗಿಡವನ್ನ ಇಂಗ್ಲಿಷ್ ಮದ್ದು ಅಂತ ಬಿಟ್ಟು, ಪರೀಕ್ಷೆಗೇ ಕೂರದ ಗಿಡವನ್ನ ನಮ್ಮದು ಅಂತ ತಗೊಳ್ತಿದೀವಿ.

ಕೊರೋನಾ ಟೈಮಲ್ಲಿ ಅಮೃತಬಳ್ಳಿ ಹುಡುಕ್ಕೊಂಡು ಜನ ಬೇಲಿ ಬೇಲಿ ಅಲೆದಿದ್ದು ನಿಮಗೂ ನೆನಪಿರುತ್ತೆ, ಗ್ರಂಧಿಗೆ ಅಂಗಡಿಗಳಲ್ಲಿ ಒಣಗಿದ ಕಡ್ಡಿಗೂ ಕ್ಯೂ ಇತ್ತು. 2021ರಲ್ಲಿ ಮುಂಬೈನ ಲಿವರ್ ಡಾಕ್ಟರುಗಳು ಅಮೃತಬಳ್ಳಿ ತಗೊಂಡು ಲಿವರ್ ಕೆಟ್ಟ ಆರು ಜನರ ವಿವರ ಪ್ರಕಟಿಸಿದ್ರು, ಮುಂದಿನ ವರ್ಷ ದೇಶದ 13 ಆಸ್ಪತ್ರೆಗಳಿಂದ 43 ಜನರದ್ದು ಬಂತು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅಸಲಿ ಅಮೃತಬಳ್ಳಿ ಸುರಕ್ಷಿತ, ಇವರು ತಗೊಂಡಿದ್ದು ಅದೇ ಥರ ಕಾಣೋ ಇನ್ನೊಂದು ಜಾತಿ ಬಳ್ಳಿ ಇರ್ಬೋದು ಅಂತು. ಸರಿ, ನಿಮ್ಮ ಮಾತೇ ನಿಜ ಅಂತ ಇಟ್ಕೊಳ್ಳೋಣ. ಹಾಗಿದ್ರೆ ಆ ಇನ್ನೊಂದು ಬಳ್ಳಿಯ ಚಿತ್ರ, ಎರಡಕ್ಕೂ ಇರೋ ವ್ಯತ್ಯಾಸ ಬೋರ್ಡಲ್ಲಿ ಬೇಡ್ವಾ? ಅಶೋಕದ ತೊಗಟೆ ಅಂತ ಅಂಗಡಿಯಲ್ಲಿ ಉದ್ದುದ್ದ ಬೆಳೆಯೋ ಪಾರ್ಕಿನ ಅಲಂಕಾರದ ಮರದ ತೊಗಟೆ ಕೊಡೋದು ಈ ವ್ಯಾಪಾರದಲ್ಲಿ ಇರೋರಿಗೆಲ್ಲ ಗೊತ್ತಿರೋ ವಿಷಯ.

ಈಶ್ವರಿ ಬಳ್ಳಿ ವಿಷಯ ಮಾತ್ರ ಮೆತ್ತಗೆ ಹೇಳೋಕಾಗಲ್ಲ. ಹಾವು ಕಡಿದ್ರೆ ಈಶ್ವರಿ ಬೇರು ಅಂತ ಕೆಲವು ಬೋರ್ಡಲ್ಲಿ ಈಗಲೂ ಇದೆ. ಮೊದಲನೇದಾಗಿ ಹಾವಿನ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡೋ ಆಂಟಿವೆನಮ್ ಅನ್ನೋ ವಿಷ ಇಳಿಸೋ ಇಂಜೆಕ್ಷನ್ ಬಿಟ್ರೆ ಬೇರೆ ಮದ್ದಿಲ್ಲ, ಶೇಂಗಾ ಹೊಲದಲ್ಲಿ ಕಡಿಸ್ಕೊಂಡೋನು ಬೇರು ಹುಡುಕೋ ಹೊತ್ತಲ್ಲಿ ತಾಲೂಕು ಆಸ್ಪತ್ರೆ ಮುಟ್ಟಿರಬೋದು, 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಕೇಸನ್ನ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡ್ಲೇಬೇಕು ಅಂತ ನೀವೇ ನಿಯಮ ಮಾಡಿದೀರಿ. ಎರಡನೇದು, ಈ ಬಳ್ಳಿ ಅರಿಸ್ಟೋಲೋಕಿಯಾ ಜಾತಿಗೆ ಸೇರಿದ್ದು, ಇದರಲ್ಲಿರೋ ಅರಿಸ್ಟೋಲೋಕಿಕ್ ಆಸಿಡ್ ಕಿಡ್ನಿ ಹಾಳು ಮಾಡುತ್ತೆ, ಕ್ಯಾನ್ಸರ್ ತರುತ್ತೆ ಅನ್ನೋದರಲ್ಲಿ ಯಾವ ಅನುಮಾನನೂ ಇಲ್ಲ. 1990ರ ದಶಕದ ಶುರುವಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸೋ ಕ್ಲಿನಿಕ್ಕಿನಲ್ಲಿ ಒಂದು ಚೀನೀ ಮೂಲಿಕೆ ಬದಲು ಇದೇ ಜಾತಿಯ ಇನ್ನೊಂದು ಗಿಡದ ಬೇರು ಸೇರಿ ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹೋದ್ವು. ಗಿಡಮೂಲಿಕೆ ಅಂದ್ಮೇಲೆ ಸೈಡ್ ಎಫೆಕ್ಟ್ ಇಲ್ಲ ಅನ್ನೋ ಮಾತನ್ನ ಇಲಾಖೆಯ ಕಾರ್ಯಕ್ರಮಗಳ ಭಾಷಣದಲ್ಲೂ ಕೇಳಿದೀನಿ. ದಯವಿಟ್ಟು ಅದನ್ನ ನಿಲ್ಸಿ. ಕೆಲಸ ಮಾಡೋ ಮದ್ದಿಗೆ ಅಡ್ಡ ಪರಿಣಾಮವೂ ಇರುತ್ತೆ, ಸರ್ಪಗಂಧ ನೋಡಿ.

ಸರ್ಪಗಂಧದ ವಿಷಯ ಬಂದಾಗ ಹೆಮ್ಮೆನೂ ಆಗುತ್ತೆ. 1931ರಲ್ಲೇ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅದು ಬಿಪಿ ಇಳಿಸುತ್ತೆ ಅಂತ ಬರೆದ್ರು, 1949ರಲ್ಲಿ ಬೊಂಬಾಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಲೆಕ್ಕ ಇಟ್ಟು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ್ರು, ಜಗತ್ತಿನ ಡಾಕ್ಟರುಗಳು ಆಗ ಎದ್ದು ಕೂತ್ರು, 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರಿಸರ್ಪಿನ್ ಬೇರ್ಪಡಿಸಿದ್ರು. ಕೆಲವರಿಗೆ ಅದರಿಂದ ಖಿನ್ನತೆ ಬರಬೋದು ಅನ್ನೋ ಎಚ್ಚರಿಕೆನೂ ಅದೇ ಥರ ಲೆಕ್ಕ ಇಟ್ಟಿದ್ದಕ್ಕೇ ಸಿಕ್ಕಿದ್ದು. ಆ ಡಾಕ್ಟರ್ ವಕೀಲ್ ಮಾಡಿದ್ದು ದೇಶದ್ರೋಹನಾ? ಪುರಾವೆ ಕೇಳೋರನ್ನ ನಮ್ಮ ಸಂಸ್ಕೃತಿ ವಿರೋಧಿ ಅಂತ ಕರೆಯೋರಿಗೆ ಈ ಒಂದು ಹೆಸರು ಸಾಕು.

ಅರಿಶಿನದ ಪೇಟೆಂಟ್ ಕತೆನ ನೀವೆಲ್ಲ ವೇದಿಕೆ ಮೇಲೆ ಹೇಳ್ತಿರ್ತೀರಿ. ಅಮೆರಿಕದವರು 1995ರಲ್ಲಿ ಗಾಯಕ್ಕೆ ಅರಿಶಿನ ಅನ್ನೋದಕ್ಕೆ ಪೇಟೆಂಟ್ ಕೊಟ್ರು, ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಸಿಎಸ್ಐಆರ್ ಅನ್ನೋ ಕೇಂದ್ರದ ವಿಜ್ಞಾನ ಸಂಸ್ಥೆ ಹೋರಾಡಿ 1997ರಲ್ಲಿ ಅದನ್ನ ರದ್ದು ಮಾಡಿಸ್ತು. ಒಳ್ಳೇ ಕೆಲಸ. ಆದ್ರೆ ಅಲ್ಲಿ ಸಾಬೀತಾಗಿದ್ದು ಇದು ನಮಗೆ ಹಿಂದಿನಿಂದ ಗೊತ್ತಿತ್ತು ಅನ್ನೋದು ಮಾತ್ರ. ಗಾಯ ಎಷ್ಟು ಬೇಗ ಮಾಯುತ್ತೆ ಅಂತ ಆ ಕೇಸಲ್ಲಿ ಯಾರೂ ಅಳೀಲಿಲ್ಲ, ಅಳೆಯೋ ಅಗತ್ಯನೂ ಇರ್ಲಿಲ್ಲ. ಹಳೇದು ಅನ್ನೋದಕ್ಕೆ ತಾಳೆಗರಿ ಸಾಕ್ಷಿ ಆಗುತ್ತೆ, ಗುಣ ಆಗುತ್ತೆ ಅನ್ನೋದಕ್ಕೆ ರೋಗಿನೇ ಸಾಕ್ಷಿ ಆಗ್ಬೇಕು. ಆಯುರ್ವೇದ ಔಷಧಿಯ ಲೈಸೆನ್ಸ್ ನಿಯಮದಲ್ಲೂ ಇದೇ ಕಲಬೆರಕೆ ಇದೆ, ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆಯ ಪಟ್ಟಿಯಲ್ಲಿರೋ ಹಳೇ ಗ್ರಂಥದಲ್ಲಿ ಆ ಮದ್ದು ಮಾಡೋ ಕ್ರಮ ಇದ್ದು ಅದರಂತೆ ತಯಾರಿಸಿದ್ರೆ ಹೊಸ ಟ್ರಯಲ್ ಬೇಕಾಗಿಲ್ಲ. ಅದೇ ಅರಿಶಿನದ ಮೇಲೆ ನಿಜವಾದ ಕೆಲಸ ನಮ್ಮ ಬೆಂಗಳೂರಲ್ಲೇ ಆಗಿದೆ, 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಅರಿಶಿನದಲ್ಲಿರೋ ಕರ್ಕ್ಯುಮಿನ್ ಅನ್ನೋ ಪದಾರ್ಥ ಒಂದನ್ನೇ ನುಂಗಿದ್ರೆ ರಕ್ತಕ್ಕೆ ಸೇರೋದೇ ಅತ್ಯಲ್ಪ, ಕರಿಮೆಣಸಿನ ಪೈಪರಿನ್ ಜೊತೆ ಕೊಟ್ರೆ 20 ಪಟ್ಟು ಹೆಚ್ಚು ಸೇರುತ್ತೆ ಅಂತ ಮನುಷ್ಯರಲ್ಲೇ ತೋರಿಸಿದ್ರು. ಅದನ್ನ ಯಾವ ವೇದಿಕೆ ಮೇಲೂ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಆಯುರ್ವೇದದ ಸ್ನೇಹಿತರು ಒಂದು ಮಾತು ಹೇಳ್ತಾರೆ, ನಮ್ಮಲ್ಲಿ ರೋಗಿಯ ದೇಹ ಪ್ರಕೃತಿ ನೋಡಿ ಒಬ್ಬೊಬ್ರಿಗೆ ಒಂದೊಂದು ಔಷಧಿ, ಎಲ್ಲರಿಗೂ ಒಂದೇ ಗುಳಿಗೆ ಕೊಟ್ಟು ಮಾಡೋ ನಿಮ್ಮ ಟ್ರಯಲ್ ನಮಗೆ ಹೊಂದಲ್ಲ ಅಂತ. ತೂಕದ ಮಾತೇ, ನಾನು ಅದನ್ನ ತಳ್ಳಿ ಹಾಕಲ್ಲ. ಆದ್ರೆ ಅದಕ್ಕೂ ದಾರಿ ಇದೆ ಅಂತ ಕೊಯಮತ್ತೂರಿನಲ್ಲಿ ಮಾಡಿ ತೋರಿಸಿದಾರೆ. 2011ರಲ್ಲಿ ಪ್ರಕಟ ಆಗಿದ್ದು, ರುಮಟಾಯ್ಡ್ ಕೀಲುವಾತದ 43 ರೋಗಿಗಳು, ಮೂರು ಗುಂಪು. ಒಂದಕ್ಕೆ ಮೆಥೋಟ್ರೆಕ್ಸೇಟ್ ಅನ್ನೋ ಇಂಗ್ಲಿಷ್ ಮದ್ದು, ಒಂದಕ್ಕೆ ಆಯುರ್ವೇದ ವೈದ್ಯರು ಪ್ರಕೃತಿ ನೋಡಿ ತಮಗೆ ಸರಿ ಕಂಡಂತೆ ಆರಿಸಿದ ಔಷಧಿ, ಒಂದಕ್ಕೆ ಎರಡೂ. ಪ್ರತಿಯೊಂದಕ್ಕೂ ನಕಲಿ ಗುಳಿಗೆ ನಕಲಿ ಕಷಾಯ ಮಾಡಿ ಯಾರಿಗೆ ಏನು ಹೋಗ್ತಿದೆ ಅಂತ ಗೊತ್ತಾಗದ ಹಾಗೆ ಮಾಡಿದ್ರು. ಕಹಿ ಕಷಾಯಕ್ಕೆ ನಕಲಿ ತಯಾರಿಸೋದು ಹುಡುಗಾಟ ಅಲ್ಲ, ಬಣ್ಣ ವಾಸನೆ ರುಚಿ ಎಲ್ಲಾ ಹೊಂದಬೇಕು. ಮೂರೂ ಗುಂಪು ಹೆಚ್ಚುಕಮ್ಮಿ ಒಂದೇ ಸಮ ಬಂದ್ವು, ಆಯುರ್ವೇದದ ಗುಂಪಲ್ಲಿ ತೊಂದರೆ ಕಡಿಮೆ ಕಾಣ್ತು. 43 ಜನ ಬಹಳ ಸಣ್ಣ ಸಂಖ್ಯೆ, ಅದನ್ನ ಮಾಡಿದೋರೇ ಪೈಲಟ್, ಅಂದ್ರೆ ಬರೀ ಮೊದಲ ಪ್ರಯತ್ನ, ಅಂತ ಕರೆದಿದಾರೆ. ಅದರ ಮುಂದಿನ ದೊಡ್ಡ ಟ್ರಯಲ್‌ಗೆ ದುಡ್ಡು ಹಾಕಬೇಕಾದೋರು ಯಾರು? ನೀವೇ ತಾನೆ.

ಈಗ ನಾನು ಕೇಳೋದು. ಬೋರ್ಡ್ ತೆಗೀರಿ ಅಂತ ಅಲ್ಲ, ಬೇರೆ ಥರ ಬರೀರಿ. ಗಿಡದ ಹೆಸರು, ಅದನ್ನ ಹೋಲೋ ಬೇರೆ ಗಿಡ, ಯಾವ ಭಾಗ ಬಳಸ್ತಿದ್ರು, ಯಾವುದಕ್ಕೆ ಬಳಸ್ತಿದ್ರು ಅನ್ನೋದನ್ನ ಪರಂಪರೆ ಅಂತಲೇ ಹಾಕಿ. ಅದರ ಕೆಳಗೆ ಮನುಷ್ಯರ ಮೇಲೆ ಪರೀಕ್ಷೆ ಆಗಿದೆಯಾ, ಏನು ಬಂತು ಅಂತ ಒಂದು ಸಾಲು, ಅಪಾಯ ಇದ್ರೆ ಕೆಂಪಕ್ಷರದಲ್ಲಿ ಇನ್ನೊಂದು ಸಾಲು. ಇಲಿಗಳ ಮೇಲೆ ಮಾತ್ರ ಆಗಿದ್ರೆ ಇಲಿಗಳ ಮೇಲೆ ಅಂತಲೇ ಬರೀರಿ, ನಮ್ಮ ಜನ ದಡ್ಡರಲ್ಲ, ಅರ್ಥ ಮಾಡ್ಕೋತಾರೆ. ಕ್ಯಾನ್ಸರ್, ಹಾವು ಕಡಿತ ಈ ಎರಡು ಪದ ಮಾತ್ರ ನಾಳೆನೇ ಅಳಿಸಿ, ಅದಕ್ಕೆ ಕಮಿಟಿ ಬೇಡ, ಒಂದು ಬ್ರಷ್ ಸಾಕು. ಎಲ್ಲಾ ಬೋರ್ಡಿನ ತಳದಲ್ಲೂ ಡಾಕ್ಟರು ಕೊಟ್ಟ ಮಾತ್ರೆ ನೀವಾಗೇ ನಿಲ್ಲಿಸಬೇಡಿ ಅಂತ ಇರ್ಲಿ.

ಹೊಸ ಕೆಲಸಕ್ಕೆ ನಮ್ಮಲ್ಲೇ ಏನಿಲ್ಲ ಹೇಳಿ. ದುರ್ಗದಲ್ಲಿ, ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ, ಆಯುರ್ವೇದ ಕಾಲೇಜು, ಫಾರ್ಮಸಿ ಕಾಲೇಜುಗಳಿವೆ, ತೋಳಹುಣಸೆಯಲ್ಲಿ ವಿಶ್ವವಿದ್ಯಾಲಯ, ಚಳ್ಳಕೆರೆ ಹತ್ರ ಕುದಾಪುರದಲ್ಲಿ ಐಐಎಸ್‌ಸಿ ಕ್ಯಾಂಪಸ್ಸೇ ಇದೆ. ಇವರನ್ನೆಲ್ಲ ಒಂದು ಟೇಬಲ್ ಸುತ್ತ ಕೂರಿಸೋ ಅಧಿಕಾರ ಇರೋದು ನಿಮಗೆ. ನೂರು ಗಿಡ ಬೇಡ, ಒಂದು ತಗೊಳ್ಳಿ. ನನ್ನನ್ನ ಕೇಳಿದ್ರೆ ಆವರಿಕೆ ಹೂ, ನಮ್ಮ ಕಡೆ ತಂಗಟೆ ಅಂತಾರಲ್ಲ, ನಮ್ಮ ಬರಗಾಲದ ನೆಲದಲ್ಲಿ ನೀರಿಲ್ಲದೆ ರಸ್ತೆ ಬದಿಯಲ್ಲೆಲ್ಲ ಹಳದಿ ಹಳದಿಯಾಗಿ ಹೂ ಬಿಡೋದು, ಅದರ ಟೀ ಶುಗರ್‌ಗೆ ಒಳ್ಳೇದು ಅಂತ ಈಗ ಪ್ಯಾಕೆಟ್ಟಲ್ಲಿ ಮಾರ್ತಿದಾರೆ. ಇಲಿಗಳ ಮೇಲಿನ ಪೇಪರು ಬೇಕಾದಷ್ಟಿವೆ, ಆದ್ರೆ ಅಲ್ಲಿ ರಾಸಾಯನಿಕ ಕೊಟ್ಟು ಪ್ಯಾಂಕ್ರಿಯಾಸ್ ಕೆಡಿಸಿದ ಇಲಿ, ಇಲ್ಲಿ ಮುದ್ದೆ ಅನ್ನ ತಿನ್ನೋ ಐವತ್ತು ವರ್ಷದ ಮನುಷ್ಯ, ಎರಡೂ ಒಂದಲ್ಲ. ಮೆಟ್‌ಫಾರ್ಮಿನ್ ತಗೊಳ್ತಿರೋ ರೋಗಿಗಳನ್ನೇ ಎರಡು ಗುಂಪು ಮಾಡಿ, ಮೆಟ್‌ಫಾರ್ಮಿನ್ ಯಾರಿಗೂ ನಿಲ್ಲಿಸದೆ, ಒಂದು ಗುಂಪಿಗೆ ಹೂವಿನ ಪುಡಿಯ ಕ್ಯಾಪ್ಸೂಲ್, ಇನ್ನೊಂದಕ್ಕೆ ಖಾಲಿದು ಕೊಟ್ಟು ಶುರುವಲ್ಲಿ ಒಂದ್ಸಲ, ಮೂರು ತಿಂಗಳಾದ್ಮೇಲೆ ಒಂದ್ಸಲ ಎಚ್‌ಬಿಎ1ಸಿ ನೋಡಿ, ಯಾಕಂದ್ರೆ ಆ ಪರೀಕ್ಷೆ ಹೇಳೋದೇ ಹಿಂದಿನ ಎರಡು ಮೂರು ತಿಂಗಳ ಸಕ್ಕರೆ. ಲಿವರ್ ಕಿಡ್ನಿ ಟೆಸ್ಟೂ ಜೊತೆಗಿರ್ಲಿ. ಎಷ್ಟು ಜನ ಬೇಕು ಅಂತ ಸ್ಟ್ಯಾಟಿಸ್ಟಿಕ್ಸ್ ಗೊತ್ತಿರೋರ ಹತ್ರ ಮೊದಲೇ ಲೆಕ್ಕ ಹಾಕ್ಸಿ. ಈಗ ಎಷ್ಟೋ ಕಡೆ ಪಿಜಿ ಹುಡುಗ್ರು ಮೂವತ್ತು ನಲವತ್ತು ಜನಕ್ಕೆ ಕೊಟ್ಟು, ಹೋಲಿಸೋಕೆ ಇನ್ನೊಂದು ಗುಂಪೇ ಇಲ್ಲದೆ, ಗುಣ ಕಂಡಿದೆ ಅಂತ ಬರೆದು ಡಿಗ್ರಿ ತಗೊಂಡು ಹೋಗ್ತಾರೆ, ಆ ಪುಸ್ತಕ ಲೈಬ್ರರಿಯಲ್ಲಿ ಧೂಳು ತಿನ್ನುತ್ತೆ. ಪಾಪ ಅವರ ತಪ್ಪಲ್ಲ, ದುಡ್ಡೂ ಇಲ್ಲ ಗೈಡೂ ಇಲ್ಲ.

ಶುರು ಮಾಡೋ ಮುಂಚೆನೇ ದೇಶದ ಟ್ರಯಲ್ ದಾಖಲೆ ಪಟ್ಟಿಯಾದ ಸಿಟಿಆರ್‌ಐನಲ್ಲಿ ರಿಜಿಸ್ಟರ್ ಮಾಡ್ಸಿ, 2007ರಿಂದ ಆ ವ್ಯವಸ್ಥೆ ಇದೆ, ಏನನ್ನ ಅಳೀತೀವಿ ಅಂತ ಮೊದಲೇ ಬರೆದಿಟ್ರೆ ಆಮೇಲೆ ಚೆನ್ನಾಗಿ ಬಂದಿದ್ದನ್ನ ಮಾತ್ರ ಆರಿಸಿ ತೋರಿಸೋಕೆ ಆಗಲ್ಲ. ತಂಗಟೆ ಫೇಲಾದ್ರೂ ಪ್ರಕಟಿಸ್ಬೇಕು, ಕನ್ನಡ ಪತ್ರಿಕೆಯಲ್ಲೂ ಬರ್ಬೇಕು. ಫೇಲಾದ್ರೆ ಏನು ನಷ್ಟ, ಜನ ಪ್ಯಾಕೆಟ್ಟಿಗೆ ಹಾಕೋ ದುಡ್ಡು ಉಳಿಯುತ್ತೆ. ಪಾಸಾದ್ರೆ ನಮ್ಮ ಚಳ್ಳಕೆರೆ ಮೊಳಕಾಲ್ಮೂರಿನ ರೈತ ಶೇಂಗಾ ಕೈಕೊಟ್ಟ ವರ್ಷ ತಂಗಟೆ ಹೂ ಮಾರ್ಕೊಂಡಾದ್ರೂ ಬದುಕ್ತಾನೆ. ಇನ್ನೊಂದು ಲಾಭನೂ ಇದೆ, ಅರಣ್ಯ ಇಲಾಖೆಯವರು ಕೇಳಿಸ್ಕೊಳ್ಳಿ, ಬೇರಿನ ಮದ್ದು ಅಂದ್ರೆ ಗಿಡನೇ ಸಾಯುತ್ತೆ, ಕೆಲಸಕ್ಕೆ ಬಾರದ ಮದ್ದಿಗೋಸ್ಕರ ಜೋಗಿಮಟ್ಟಿಯಂಥ ಕಾಡಲ್ಲಿ ಬೇರು ಕಿತ್ರೆ ಅದು ಎರಡು ಕಡೆ ನಷ್ಟ.

ಕೊನೆಗೆ ಒಂದು ಸಣ್ಣ ಕೆಲಸ, ಖರ್ಚೇ ಇಲ್ಲದ್ದು. ಆಯುರ್ವೇದ ಔಷಧಿಗಳ ಅಡ್ಡ ಪರಿಣಾಮ ದಾಖಲಿಸೋಕೆ ಕೇಂದ್ರ ಸರ್ಕಾರ 2018ರಲ್ಲೇ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಶುರು ಮಾಡಿದೆ. ಅದರ ಫಾರಂ ಹೇಗಿರುತ್ತೆ ಅಂತ ನಮ್ಮ ಸುತ್ತಮುತ್ತಲ ಅಂಗಡಿಯವರನ್ನ ಕೇಳಿದ್ರೆ ಬಹಳ ಜನ ನೋಡೇ ಇಲ್ಲ. ಪುಡಿ ತಿಂದು ವಾಂತಿ ಆಯ್ತು, ಮೈ ಕಡಿತ ಬಂತು, ಕಣ್ಣು ಹಳದಿ ಆಯ್ತು ಅಂತ ಜನ ಮೊದಲು ಬಂದು ಹೇಳೋದು ಮೆಡಿಕಲ್ ಶಾಪಿನವರಿಗೆ ಮತ್ತೆ ಆಶಾ ಕಾರ್ಯಕರ್ತೆಯರಿಗೆ. ಆ ಫಾರಮ್ಮನ್ನ ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿ ಪ್ರತಿ ಅಂಗಡಿಗೂ, ಪ್ರತಿ ಉಪಕೇಂದ್ರಕ್ಕೂ ಒಂದೊಂದು ಪ್ಯಾಡ್ ಕೊಡಿ, ತುಂಬಿದ್ದನ್ನ ಯಾರಿಗೆ ಕೊಡ್ಬೇಕು ಅಂತ ಜಿಲ್ಲೆಯಲ್ಲಿ ಒಬ್ಬ ಅಧಿಕಾರಿ ಹೆಸರು, ಫೋನ್ ನಂಬರ್ ಹಾಕಿ. ತುಂಬಿ ಕಳಿಸೋ ಕೆಲಸ ನಾವು ಮಾಡ್ತೀವಿ, ನಮ್ಮ ಅಸೋಸಿಯೇಷನ್ ಮೀಟಿಂಗಲ್ಲಿ ಉಳಿದೋರನ್ನ ಒಪ್ಪಿಸೋ ಜವಾಬ್ದಾರಿ ನಂದು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಫಾರ್ಮಸಿಸ್ಟ್, ಚಿತ್ರದುರ್ಗ